ಸೀರೆಯಲ್ಲಿ ವರಪರೀಕ್ಷೆ

ನನ್ನ ಮೊಮ್ಮಗಳು ಓದುವ ಜಪಾನಿ ಚಿತ್ರಕಥೆಯನ್ನು ಕೊನೆಯ ಪುಟದಿಂದ ಶುರು ಮಾಡಬೇಕಂತೆ. ಹಾಸಿಗೆ ಮಡಚದೆ ಚಹಾ ಮುಟ್ಟದವನು ನಾನು. ಇಂಥ ಅವ್ಯವಸ್ಥೆ ಸಹಿಸಲಾಗದೆ ಆ ಮಾಂಗಾ ಪುಸ್ತಕವನ್ನು ಶಿಸ್ತಾಗಿ ನಮ್ಮ ಕ್ರಮದಲ್ಲೇ ಓದಿದೆ. ಪ್ರೇಮಿಗಳು ಮೊದಲು ಒಂದಾಗಿ, ಆಮೇಲೆ ಜಗಳಾಡಿ, ಕೊನೆಗೆ ಪರಿಚಯವೇ ಇಲ್ಲದವರಾದರು. ನಮ್ಮ ಕಡೆಯ ಕೆಲವು ಸಂಸಾರಗಳೂ ಹೀಗೇ ಅಲ್ಲವೇ ಎಂದುಕೊಂಡೆ.

ಮೊಮ್ಮಗಳು ಪುಸ್ತಕ ತಿರುಗಿಸಿಕೊಟ್ಟು ಕಥೆ ಹೇಳಿದಳು. ಒಬ್ಬ ಹುಡುಗಿ ಅಣ್ಣನ ಅಂಗಿ ತೊಟ್ಟು, ಅವನ ಬದಲು ಹೂವಿನ ಅಂಗಡಿಯಲ್ಲಿ ಕೂರುತ್ತಾಳೆ. ಅಲ್ಲಿಗೆ ಬರುವ ಹುಡುಗನ ಮೇಲೆ ಮನಸ್ಸಾಗುತ್ತದೆ. "ವೇಷ ಹಾಕಿದ ಮ್ಯಾಲೇ ಆಕಿಗೆ ತಾನು ಯಾರಂತ ತಿಳೀತೈತಿ, ಅಜ್ಜಾ" ಎಂದಳು.

ನೀವು ನಗಬೇಡಿ. ಇದು ನಮ್ಮೂರು ತಾಂಬಾದಲ್ಲಿ ನನಗೇ ಆಗಿತ್ತು.

ಅರವತ್ತರ ದಶಕ. ಊರ ನಾಟಕದಲ್ಲಿ ಹೆಂಗಸರ ಪಾತ್ರವನ್ನೂ ಗಂಡಸರೇ ಮಾಡುವ ಕಾಲ. ತಾಲೀಮಿಗೆ ತಪ್ಪದೆ ಬರುವವನು ನಾನೊಬ್ಬನೇ ಎಂಬ ಕಾರಣಕ್ಕೆ ನಾಯಕಿಯ ಪಾತ್ರ ನನಗೆ ಬಂತು. ಆಗಲೇ ಮನೆಯಲ್ಲಿ ನನಗೆ ಹೆಣ್ಣು ನೋಡುತ್ತಿದ್ದರು. ಬಂದ ಸಂಬಂಧಗಳೆಲ್ಲ ಒಂದೇ ಮಾತಿಗೆ ಮುರಿದಿದ್ದವು: "ಹುಡುಗ ಚೊಲೋ ಅದಾನ್ರಿ, ಆದ್ರ ಸಾಲಿ ಗಂಟಿ ಇದ್ದಂಗ ಅದಾನ, ಬರೇ ಹೊತ್ತಿನ ಲೆಕ್ಕ." ಉಳಿದದ್ದು ಮನಗೂಳಿಯ ಸಂಬಂಧ. ಆ ಹುಡುಗಿಯನ್ನು ಒಂದು ಮದುವೆಯಲ್ಲಿ ನೋಡಿದ್ದೆ. ನಗುವಾಗ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಇದೂ ತಪ್ಪಿದರೆ ನನ್ನ ಸಂಸಾರವೆಲ್ಲ ನಾಟಕದಲ್ಲಷ್ಟೇ ಎಂದು ಹೆದರಿದ್ದೆ.

ನಾಟಕದ ದಿನ ಮಧ್ಯಾಹ್ನ ಸೀರೆ ಉಟ್ಟು, ಚವರಿ ಕಟ್ಟಿ, ಮನೆಯಲ್ಲಿ ಪಾತ್ರದ ಮಾತು ಒಪ್ಪಿಸುತ್ತಿದ್ದಾಗ ಅಂಗಳದಲ್ಲಿ ಚಕ್ಕಡಿ ಗಾಡಿ ನಿಂತಿತು. ಮನಗೂಳಿಯ ಹುಡುಗಿಯ ಅಜ್ಜಿ ಸುದ್ದಿ ಕಳಿಸದೆ ವರನನ್ನು ನೋಡಲು ಬಂದಿದ್ದರು. ನಾಟಕದ ನೆಪದಲ್ಲಿ ಆ ಹುಡುಗಿಯನ್ನೂ ಕರೆತಂದಿದ್ದರು. ಬಂದವರಿಗೆ ಮೊದಲು ನೀರು ಎಂಬುದು ನಮ್ಮ ಮನೆಯ ಕಟ್ಟಳೆ. ಏನು ಉಟ್ಟಿದ್ದೇನೆಂಬುದನ್ನು ಮರೆತು, ತಂಬಿಗೆ ಹಿಡಿದು ಹೊರಗೆ ಬಂದುಬಿಟ್ಟೆ.

ಅಜ್ಜಿ ನನ್ನನ್ನು ಮನೆಯ ಹಿರೇ ಸೊಸೆ ಎಂದುಕೊಂಡರು. ನನ್ನವ್ವ ನನ್ನ ಮುಖ ನೋಡಿ, "ಹುಡುಗ ಹೊಲಕ್ಕ ಹೋಗ್ಯಾನ್ರಿ" ಎಂದವಳೇ ಚುರುಮುರಿ ಸೂಸಲಾ ಮಾಡುವ ನೆಪದಲ್ಲಿ ಅಡುಗೆಮನೆ ಸೇರಿದಳು.

"ನಿನ್ನ ಮೈದುನ ಹ್ಯಾಂಗ ಅದಾನವಾ?" ಅಜ್ಜಿ ನನ್ನನ್ನು ಕೇಳಿದರು. "ಖರೇ ಹೇಳು."

ತಾಲೀಮಿನ ಸಣ್ಣ ದನಿ ತೆಗೆದೆ. "ನಸುಕಿನ್ಯಾಗ ಏಳ್ತಾನ್ರಿ. ಹಾಸಿಗಿ ಮಡಚ್ತಾನ. ಚಪ್ಪಲಿ ಜೋಡಿಸಿ ಇಡ್ತಾನ."

"ಅದು ಗಡಿಯಾರದ್ದಾತು. ಮನಶ್ಯಾ ಹ್ಯಾಂಗ ಅದಾನ?"

ಅದು ನನಗೇ ಗೊತ್ತಿರಲಿಲ್ಲ. ಧೋತರದಲ್ಲಿದ್ದಾಗ ಯಾರೂ ಹೀಗೆ ಕೇಳಿರಲಿಲ್ಲ. ಕೇಳಿದ್ದರೂ ಎದೆ ಸೆಟೆಸಿ ಸುಮ್ಮನಿರುತ್ತಿದ್ದೆ. ಸೀರೆಯಲ್ಲಿ ಬಾಯಿ ತಾನಾಗಿ ಸಡಿಲಾಯಿತು.

"ಅಂಜುಬುರುಕ ಅದಾನ್ರಿ. ಮನಸ್ಸಿನ್ಯಾಗಿಂದು ಹೇಳಾಕ ಬರೂದಿಲ್ಲ, ಅದಕ್ಕ ಚಪ್ಪಲಿ ಜೋಡಸ್ತಾನ. ನಿಮ್ಮ ಹುಡುಗಿ ನಕ್ಕದ್ದು ಮಾತ್ರ ಮರ್ತಿಲ್ಲ."

"ಗಂಡಸಾಗಿ ಹೇಂತಿಗೆ ಒಂದು ತಂಬಗಿ ನೀರರೆ ಕೊಡ್ತಾನೇನು?"

ನಾನು ತಂಬಿಗೆಯನ್ನು ಹುಡುಗಿಯ ಕಡೆ ಚಾಚಿದ್ದೆ. ಬಂದಾಗಿನಿಂದ ನನ್ನ ಅಗಲ ಪಾದಗಳನ್ನೇ ನೋಡುತ್ತಿದ್ದ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಕೊಡಾಕತ್ತಾರಲ್ಲ, ಆಯಿ."

ಅಜ್ಜಿ ನನ್ನ ಪಾದ ನೋಡಿದರು, ಗದ್ದ ನೋಡಿದರು. ನನ್ನ ಚವರಿ ಜಾರತೊಡಗಿತು. "ಇರ್ಲಿ ಬಿಡು," ಎಂದರು ಕೊನೆಗೆ. "ನಮ್ಮ ಹುಡುಗಿಗೆ ಸೀರಿ ನಿರಿಗಿ ಹಿಡಿಯಾಕ ಬರೂದಿಲ್ಲ. ಇಂವ ಕಲಿಸ್ತಾನ."

ಇಂದು ನನ್ನ ಸಂಜೆ ತಿರುಗಾಟದ ಹೊತ್ತು ಮೀರಿದೆ. ಪುಸ್ತಕವನ್ನು ಹಿಂದಿನಿಂದಲೇ ಓದುತ್ತ ಕೂತಿದ್ದೇನೆ. "ಆಕಿ ಹುಡುಗಿ ಅಂತ ಈ ಹುಡುಗಗ ಯಾವಾಗ ಗೊತ್ತಾಗತೈತಿ?" ಎಂದು ಮೊಮ್ಮಗಳನ್ನು ಕೇಳಿದೆ.

ಉತ್ತರ ಒಳಗಿನಿಂದ, ನನ್ನ ಹೆಂಡತಿಯಿಂದ ಬಂತು. "ಕಾಲು ನೋಡಂತ ಹೇಳ್ರಿ ಅವಗ. ಹಂಗ ಒಂದು ತಂಬಗಿ ನೀರು ತರ್ರಿ."

ಎದ್ದೆ. ಬಾಗಿಲಲ್ಲಿ ಮೊಮ್ಮಗಳ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದವು. ದಾಟಿಕೊಂಡು ಹೋದೆ.