ಪೂಜೆಗೆ ಸಿಕ್ಕ ಕಾಗದದ ಕಿರೀಟ

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕೋಣಂದೂರಿನ ಹತ್ತಿರ ಒಂದು ದೇವರ ಸಿನಿಮಾ ತೆಗೆದರು. ಸಾಮಾನು ಇಡಲು ನಮ್ಮ ಜಗಲಿಯನ್ನೇ ಕೇಳಿ ಪಡೆದಿದ್ದರು. ಮೂಲೆಯಲ್ಲಿದ್ದ ದೇವಿಯ ಕಿರೀಟ ಕಂಡು ನಾನು ಕೈ ಮುಗಿದೆ. ಸಾಮಾನು ಕಾಯುವವನು ನಕ್ಕ. “ಎತ್ತಿ ನೋಡಿ ಅಕ್ಕಾ, ಚಿನ್ನ ಅಲ್ಲ.”

ಎತ್ತಿದರೆ ಒಣಗಿದ ಸೋರೆಬುರುಡೆಯಷ್ಟು ಹಗುರ. ಒಳಗೆ ಕೈಯಾಡಿಸಿದೆ. ನಾವು ಮೊರಕ್ಕೆ ಬಳಿಯುತ್ತೇವಲ್ಲ, ಕಾಗದ ನೆನೆಸಿ ಮೆಂತ್ಯ ಹಾಕಿ ರುಬ್ಬಿದ ಹಿಟ್ಟು, ಅಂಥದ್ದೇ. ಮೇಲೆ ಬಂಗಾರದ ಬಣ್ಣದ ಬೇಗಡೆ ಹಾಳೆ, ಕೆಂಪು ಕಲ್ಲಿನ ಜಾಗದಲ್ಲಿ ಬಳೆಚೂರು. ಸುತ್ತಳತೆ, ಎತ್ತರ ಎಲ್ಲವನ್ನೂ ಬಾಳೆನಾರಿನಲ್ಲಿ ಅಳೆದು ಗಂಟು ಹಾಕಿಕೊಂಡೆ. ಯಾಕೆಂದು ಆಗ ನನಗೇ ಗೊತ್ತಿರಲಿಲ್ಲ.

ಮರುವರ್ಷ ನವರಾತ್ರಿಗೆ ನಮ್ಮ ಮಹಿಳಾ ಸಂಘದವರು ದೇವಿಯ ನಾಟಕ ಆಡುವುದೆಂದು ತೀರ್ಮಾನವಾಯಿತು. ದೇವಿಯ ಪಾತ್ರ ನನಗೆ ಬಂತು. ವೇಷ ಬಾಡಿಗೆಗೆ ಕೊಡುವವರು ಸೀರೆ, ಸರ ಎಲ್ಲ ಕೊಟ್ಟರು. ಕಿರೀಟ ಮಾತ್ರ ಹೆಂಗಸರ ತಲೆಗೆ ಕೊಡುವುದಿಲ್ಲ ಅಂದರು. ಕಿರೀಟವಿಲ್ಲದೆ ದೇವಿಯಿಲ್ಲ, ದೇವಿಯಿಲ್ಲದೆ ನಾಟಕವಿಲ್ಲ. ನಾನೇ ಮಾಡುತ್ತೇನೆ ಎಂದೆ.

ಅಷ್ಟರಲ್ಲಿ ಆ ಸಿನಿಮಾ ತೀರ್ಥಹಳ್ಳಿಗೆ ಬಂದಿತ್ತು. ಊರಿನವರೆಲ್ಲ ನೋಡಿದ್ದರಿಂದ ನನ್ನ ಕಿರೀಟ ಒಂಚೂರು ಬೇರೆಯಾದರೂ ನಾಟಕದ ದಿನ ಬೆಂಚಿನಿಂದಲೇ ಕೂಗಿ ಗೇಲಿ ಮಾಡುವುದು ಖಂಡಿತವಿತ್ತು. ನಾನೂ ಹೋಗಿ ಕಥೆ ಬಿಟ್ಟು ಕಿರೀಟ ನೋಡಿದೆ. ಜಗಲಿಯಲ್ಲಿ ನೆಟ್ಟಗಿದ್ದ ತುದಿಯ ಮೊಗ್ಗು ಪರದೆಯ ಮೇಲೆ ಎಡಕ್ಕೆ ವಾಲಿತ್ತು. ಸಿನಿಮಾ ತೆಗೆಯಲು ಗುಡ್ಡಕ್ಕೆ ಒಯ್ದಾಗ ಯಾರೋ ಬೀಳಿಸಿರಬೇಕು. ಮತ್ತೊಮ್ಮೆ ಹೋಗಿ ಖಾತ್ರಿ ಮಾಡಿಕೊಂಡೆ. ಜನ ಕಂಡದ್ದು ವಾಲಿದ್ದನ್ನೇ, ನಾನೂ ವಾಲಿಸಿಯೇ ಮಾಡಿದೆ. ಅಚ್ಚಿಗೆಂದು ತಾಮ್ರದ ಚೊಂಬು ಬೋರಲು ಹಾಕಿ, ಹಿಟ್ಟು ಮೆತ್ತಿ, ಹುಣಸೆಬೀಜದ ಅಂಟಿನಲ್ಲಿ ಬೇಗಡೆ ಕೂರಿಸಿದೆ. ಆ ವಾರವೆಲ್ಲ ಬಿಸಿಲು ಬಿದ್ದದ್ದು ನನ್ನ ಪುಣ್ಯ.

ನಾಟಕದ ದಿನ ಬೆಳಗ್ಗೆ ಸ್ನಾನ ಮುಗಿಸಿ ಬಂದರೆ, ಮಣೆಯ ಮೇಲಿದ್ದ ಕಿರೀಟಕ್ಕೆ ಅತ್ತೆ ಅರಿಸಿನ ಕುಂಕುಮ ಹಚ್ಚಿ, ದಾಸವಾಳ ಏರಿಸಿ, ಆರತಿ ಎತ್ತುತ್ತಿದ್ದರು! ಕಣ್ಣು ಮಂಜಾದ ಮುದುಕಿ, ಹೊಳೆದದ್ದು ಕಂಡು ದೇವರೇ ಅಂದುಕೊಂಡಿದ್ದರು.

ಮನೆಯ ಯಜಮಾನಿಕೆ ನನ್ನ ಗಂಡನ ಅಣ್ಣನದು. ನಾವು ಹೆಂಗಸರು ರಂಗ ಹತ್ತುವುದು ಅವರಿಗೆ ಮೊದಲಿಂದಲೂ ಸರಿಬಂದಿರಲಿಲ್ಲ. ಈಗ ನೆಪ ಸಿಕ್ಕಿತು.

“ಪೂಜೆ ಆದ ಕಿರೀಟ. ಇನ್ನು ಮನುಷ್ಯರ ತಲೆ ಮೇಲೆ ಇಡಂಗಿಲ್ಲ. ದೇವಸ್ಥಾನಕ್ಕೆ ಕೊಟ್ಬಿಡು. ನಾಟಕನೂ ಬೇಡ, ಎಂತದೂ ಬೇಡ.”

“ನಂಗೊತ್ತಾಗ್ಲಿಲ್ಲ ಮಾರಾಯ್ತಿ,” ಎಂದು ಅತ್ತೆ ಅಳುವಂತಾದರು.

“ನೀವೆಂತ ತಪ್ಪು ಮಾಡಿದ್ರಿ ಅತ್ತೆ? ದೇವಿ ನಮ್ಮನಿಗೆ ಬಂದ್ಲು, ಅಷ್ಟೇ,” ಎಂದೆ. ಆಮೇಲೆ ಭಾವನ ಕಡೆ ತಿರುಗಿದೆ. ಅಲ್ಲಿಯವರೆಗೆ ಅವರೆದುರು ನಿಂತು ಮಾತಾಡಿದವಳಲ್ಲ.

“ಭಾವಾ, ಹಬ್ಬದಲ್ಲಿ ಕಳಸದ ಕಾಯಿಗೆ ಪೂಜೆ ಮಾಡ್ತೀವಲ್ಲ. ಮಾರನೇ ದಿನ ಅದೇ ಕಾಯಿ ಒಡೆದು ಪಾಯಸ ಮಾಡಿದ್ರೆ ನೀವು ಉಣ್ಣಲ್ವಾ?”

“ಕಳಸ ಕದಲಿಸಿ, ದೇವಿನ ಕಳ್ಸಿ ಆದ್ಮೇಲೆ ಒಡೆಯೋದು. ಅದು ಬೇರೆ.”

“ಹಂಗಾದ್ರೆ ಇದನ್ನೂ ಕದಲಿಸ್ತೀನಿ.”

ದೇವರ ಮನೆಯಿಂದ ಅಕ್ಷತೆ ತಂದು ಕಿರೀಟಕ್ಕೆ ಹಾಕಿದೆ. ಎರಡೂ ಕೈಯಲ್ಲಿ ಹಿಡಿದು ಉತ್ತರಕ್ಕೆ ಒಂಚೂರು ಸರಿಸಿ, “ಹೋಗಿ ಬಾ ತಾಯಿ, ಸಂಜೆ ನಾಟಕಕ್ಕೆ ಬಾ,” ಎಂದೆ. ಪ್ರತಿವರ್ಷ ಕಳಸಕ್ಕೆ ನಾನೇ ಮಾಡುವ ಕೆಲಸ ಅದು. ಎತ್ತಿ ತಲೆಗೆ ಇಟ್ಟುಕೊಂಡು ಅವರ ಎದುರೇ ನಿಂತೆ.

ಭಾವ ಎದ್ದರು. “ನಾನಂತೂ ನೋಡಕ್ಕೆ ಬರಲ್ಲ.”

“ಬರ್ಬೇಡಿ. ಅತ್ತೆಗೆ ಟಾರ್ಚ್ ಕೊಟ್ಟು ಕಳ್ಸಿ, ಸಾಕು.”

ಟಾರ್ಚನ್ನು ಜಗಲಿಯ ಮೇಲಿಟ್ಟು ಅವರು ಗದ್ದೆ ಕಡೆ ಹೋದರು. ಕೊಟ್ಟರಲ್ಲ, ಅದೂ ಒಂದು ಕೃಪೆ ಅಂದುಕೊಂಡೆ.

ಸಂಜೆ ನಾನು ರಂಗಕ್ಕೆ ಬಂದಾಗ ಹಿಂದಿನಿಂದ ಯಾರೋ, “ಏ, ಅದೇ ಕಣೋ, ಸಿನಿಮಾದ್ದೇ!” ಎಂದು ಕೂಗಿದ. ದೇವಿಗೆ ಸಿಟ್ಟು ಬಂದಿದ್ದರೆ ಅಲ್ಲೇ ತೋರಿಸುತ್ತಿದ್ದಳು. ಕೊನೆಯ ಮಂಗಳ ಮುಗಿಯುವವರೆಗೆ ಕಿರೀಟ ತಲೆಯ ಮೇಲೇ ಇತ್ತು. ನನಗೊಂದು ತಲೆನೋವು ಕೂಡ ಬರಲಿಲ್ಲ.