ರವಿವಾರವೇ ಹೂಡಿದ ಕೆಲಸ

ಪಿಯುಸಿ ಮುಗಿಸಿದ ವರ್ಷ ನಮ್ಮ ಮನೆಯಲ್ಲಿ ಒಂದು ಮಾತು ಇತ್ಯರ್ಥವಾಗಿತ್ತು. ಕಾಲುವೆಗೆ ನೀರು ಬಿಡುವಷ್ಟರಲ್ಲಿ ನನಗೆ ಎಲ್ಲಾದರೂ ಕೆಲಸ ಸಿಗಬೇಕು. ಸಿಗದಿದ್ದರೆ ಚಿಕ್ಕಮ್ಮನ ಗುಂಪಿನ ಜೊತೆ ಶ್ರೀರಾಮನಗರಕ್ಕೆ ಭತ್ತ ನಾಟಿಗೆ ಹೋಗಬೇಕು. ನಾಟಿ ಕೆಟ್ಟ ಕೆಲಸ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಸಲ ಆ ಕೆಸರಿಗೆ ಇಳಿದರೆ ಮತ್ತೆ ಯಾರೂ ನನ್ನನ್ನು ಮೇಲಕ್ಕೆ ಕರೆಯುವುದಿಲ್ಲ ಅನ್ನುವ ಭಯ ಇತ್ತು. ರಾತ್ರಿ ಅದೇ ಯೋಚನೆ, ಹಗಲೂ ಅದೇ.

ಕೊಪ್ಪಳದ ಮೊಬೈಲ್ ಅಂಗಡಿಯಲ್ಲಿ ಅನುಭವ ಕೇಳಿದರು. ಅಲ್ಲ, ಯಾರೂ ಕೆಲಸ ಕೊಡದೆ ಅನುಭವವನ್ನು ನಾನು ಎಲ್ಲಿಂದ ತರಲಿ? ಗಂಗಾವತಿಯ ರೈಸ್ ಮಿಲ್ಲಿನಲ್ಲಿ ತೆಲುಗು ಬರುತ್ತದೆಯೇ ಅಂದರು. ನನಗೆ ಬರುವುದು ಹನುಮಸಾಗರದ ಕನ್ನಡ. ಕೊನೆಗೆ ಕುಷ್ಟಗಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಸಾಹುಕಾರರೊಬ್ಬರು, "ಕಂಪ್ಯೂಟರಿನ್ಯಾಗ ಬಿಲ್ ಹಾಕಾಕ ಬರ್ತೈತೇನವಾ? ಒಂದನೇ ತಾರೀಖಿಗೆ ಬಾ, ನೋಡೂಣು" ಅಂದರು. ನಾನು ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋಯಲಿಲ್ಲ.

ಮನೆಗೆ ಬಂದು ಹೇಳಿದರೆ ಅಜ್ಜಿ ಬೆರಳು ಮಡಚಿ ವಾರ ಎಣಿಸಿದಳು. ಒಂದನೇ ತಾರೀಖು ಸೋಮವಾರ.

"ಸೋಮಾರ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ ನಾವು. ನನ್ನ ಮೊಮ್ಮಗಳ ಹೆಗಲಿಗೆ ಇಡ್ಲೇನು?"

"ನಾನೇನು ಎತ್ತೇನು, ಯಮ್ಮಾ?" ಅಂದೆ. ಸಿಟ್ಟು ನೆತ್ತಿಗೇರಿತ್ತು.

"ಎತ್ತಾಗಿದ್ರ ಹೇಳಿದ ಮಾತು ಕೇಳ್ತಿದ್ದಿ" ಅಂದಳು ಅಜ್ಜಿ.

ಅಪ್ಪನೂ ಅಜ್ಜಿಯ ಕಡೆಗೇ ನಿಂತ. ಸೋಮವಾರ ಬಸವಣ್ಣನ ವಾರ, ಅವತ್ತು ಅವನೂ ಎತ್ತು ಹೂಡುವವನಲ್ಲ. ಮಂಗಳವಾರ ಹೋದರೆ ಸಾಹುಕಾರರು ಹೊರಗಿನಿಂದಲೇ ಕಳಿಸುತ್ತಾರೆ ಅಂತ ನಾನು ಅತ್ತೆ, ಊಟ ಬಿಟ್ಟೆ. ಅಜ್ಜಿ ಅದಕ್ಕೂ ಒಂದು ದಾರಿ ಹುಡುಕಿದಳು. ಆ ದಾರಿ ಕೇಳಿ ನಾನು ಇನ್ನೂ ಅತ್ತೆ.

ರವಿವಾರ ಬೆಳಿಗ್ಗೆ ಇಲಕಲ್ ಸೀರೆ ಉಟ್ಟು, ನನ್ನ ಕೈ ಹಿಡಿದುಕೊಂಡು ಅವಳೇ ಬಸ್ ಹತ್ತಿದಳು. ಅಂಗಡಿ ಅರ್ಧ ಬಾಗಿಲು ತೆರೆದಿತ್ತು. ಗಿರಾಕಿಗಳ ಎದುರಿಗೇ ಹೇಳಿದಳು: "ಸಾವ್ಕಾರ್ರ, ಇಕಿಗೆ ಇವತ್ತು ಒಂದೀಟು ಕೆಲಸ ಹೇಳ್ರಿ. ಇವತ್ತು ಹೂಡಿದ್ರ ನಾಳಿ ನಡಿಯೂ ಕೆಲಸ ಆಕ್ಕತಿ, ಶುರು ಮಾಡಿದಂಗ ಆಗಂಗಿಲ್ಲ."

ನನ್ನ ಮರ್ಯಾದೆ ಮೂರಾಬಟ್ಟೆ ಆಯಿತು. ಇಷ್ಟು ದಿನ ಓಡಾಡಿದ್ದೆಲ್ಲ ಹೋಯಿತು, ಚಿಕ್ಕಮ್ಮನಿಗೆ ಇವತ್ತೇ ಫೋನ್ ಮಾಡಬೇಕು ಅಂದುಕೊಂಡೆ. ಅಜ್ಜಿಯ ಮುಖ ನೋಡಲೂ ಮನಸ್ಸಿರಲಿಲ್ಲ.

ಸಾಹುಕಾರರು ನಗಲಿಲ್ಲ. ಒಬ್ಬ ರೈತ ನೇಗಿಲ ಕುಳದ ಬೋಲ್ಟು ಹಿಡಿದು ನಿಂತಿದ್ದ. "ಹೋಗವಾ, ಇವರದೊಂದು ಬಿಲ್ ಹಾಕು" ಅಂದರು. ಹೆಸರಿನ ಜಾಗದಲ್ಲಿ ಊರು ಬರೆದೆ, ಮತ್ತೆ ಅಳಿಸಿದೆ. ಹೇಗೋ ಬಿಲ್ ಹೊರಗೆ ಬಂತು. ಅಜ್ಜಿ ಆ ಕಂಪ್ಯೂಟರಿಗೆ ಕೈಮುಗಿದು ನನ್ನ ಹಣೆಗೆ ಭಂಡಾರದ ಅರಿಶಿನ ಹಚ್ಚಿದಳು.

ಆಗ ಸಾಹುಕಾರರು ಅಂದರು: "ಖರೇ ಹೇಳ್ತೀನಿ ಯಮ್ಮಾ, ನಾಳಿ ಬಾ ಅಂತ ಇನ್ನೊಂದು ಹುಡುಗಿಗೂ ಹೇಳೀನಿ. ಇಬ್ಬರನ್ನೂ ನೋಡಿ ಒಬ್ಬರನ್ನ ಇಟ್ಕೊಳ್ಳೂಣು ಅಂತಿದ್ದೆ. ಈಗ ಇಕಿ ಹೂಡಿಬಿಟ್ಟಾಳ. ನಾನೂ ಒಕ್ಕಲತನದ ಮನ್ಯಾಂವ. ಬಿತ್ತಾಕ ಹೂಡಿದ ಕೂರಿಗಿ ನಡು ಹೊಲದಾಗ ಬಿಚ್ಚಂಗಿಲ್ಲ."

ಬಸ್ ನಿಲ್ದಾಣದಲ್ಲಿ ಅಜ್ಜಿಗೆ ಮಿರ್ಚಿ ಭಜಿ ಕೊಡಿಸಿದೆ. ಎರಡು ತಿಂದು, "ಎಣ್ಣಿ ಛಲೋ ಇಲ್ಲ" ಅಂದಳು, ಮೂರನೆಯದನ್ನೂ ತೆಗೆದುಕೊಂಡಳು. ಆ ದಿನ ಅವಳು ಏನು ಅಂದರೂ ನನಗೆ ನಗು ಬರುತ್ತಿತ್ತು.

ಸೋಮವಾರ ಬೆಳಿಗ್ಗೆ ನಾನು ಕೂತು ಬಿಲ್ ಹಾಕುತ್ತಿರುವಾಗ ಒಬ್ಬಳು ಬಂದಳು. ಹೊಸ ಚೂಡಿದಾರ, ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡ್. ಯಲಬುರ್ಗಾ ಕಡೆಯಿಂದ ಮೊದಲ ಬಸ್ಸಿಗೇ ಬಂದಿದ್ದಳು. ಸಾಹುಕಾರರು ಮೆತ್ತಗೆ, "ಮಂದಿ ಸಿಕ್ಕಾರವಾ, ಬ್ಯಾಸರ ಮಾಡ್ಕೋಬ್ಯಾಡ" ಅಂದರು. ಅವಳಿಗೆ ನೀರು ತಂದುಕೊಟ್ಟೆ. ಕುಡಿದು ಕೇಳಿದಳು: "ಅಕ್ಕಾರ, ನೀವು ಯಾವ ಬಸ್ಸಿಗೆ ಬಂದ್ರಿ?"

ನಿನ್ನಿನ ಬಸ್ಸಿಗೆ ಅನ್ನಲು ನನಗೆ ಬಾಯಿ ಬರಲಿಲ್ಲ. ಪಾಪ ಅನ್ನಿಸಿತು, ನಿಜ. ಆದರೂ ಅವಳು ಮೆಟ್ಟಿಲು ಇಳಿದ ಮೇಲೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಇನ್ನೂ ಎಳೆದುಕೊಂಡು ಗಟ್ಟಿಯಾಗಿ ಕೂತೆ.