ಮೀನು ಮುಟ್ಟದ ಜಾರು

ಕುಂದಾಪುರದ ಅಂಗಡಿಯವರು "ಮಿಕ್ಸಿ ಇತ್ತ್" ಎಂದ ಕೂಡಲೇ ನಾನು ಮೆಟ್ಟಿಲು ಇಳಿದುಬಿಟ್ಟೆ. ವಿಜಯಪುರದ ಕಡೆ ಬೆಳೆದ ನಮಗೆ ಇತ್ತು ಎಂದರೆ ಈಗ ಇಲ್ಲ, ಮುಗಿದುಹೋಯಿತು ಎಂದೇ ಅರ್ಥ. ಹಿಂದಿನಿಂದ ಕೂಗು ಬಂತು: "ಹ್ವಾಯ್, ಎಲ್ಲಿಗ್ ಹೋತ್ರಿ? ಇತ್ತ್ ಅಂದೆ ಅಲ್ದಾ!" ನನ್ನ ಜೊತೆಗೆ ಬಂದಿದ್ದ ಅತ್ತೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಇಲ್ಲಿ ಇತ್ತ್ ಎಂದರೆ ಇದೆ. ಬೇರೆ ಭಾಷೆಯ ಊರಿಗೆ ಹೋಗಿದ್ದರೆ ಮೊದಲಿನಿಂದ ಕಲಿಯುತ್ತಿದ್ದೆ. ನನ್ನದೇ ಭಾಷೆಯಲ್ಲಿ ಹೀಗೆ ಎಡವಿ ಬೀಳುವುದಕ್ಕೆ ನಾನು ತಯಾರಾಗಿರಲಿಲ್ಲ.

ನಾನು ಈ ಊರಿಗೆ ಬಂದದ್ದು ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸಕ್ಕೆ. ಬಲೆಯ ಹಗ್ಗ ಕೊಯ್ದು ಅಂಗೈ ಸೀಳಿಕೊಂಡು ಬಂದ ರಾಘುವಿಗೆ ಪಟ್ಟಿ ಕಟ್ಟಿದೆ, ಆಮೇಲೆ ಅವನನ್ನೇ ಮದುವೆಯಾದೆ. ಅವನು ಗಂಗೊಳ್ಳಿ ಬಂದರಿನಿಂದ ಬೋಟಿಗೆ ಹೋಗುತ್ತಾನೆ. ಅತ್ತೆ ಬುಟ್ಟಿ ಹೊತ್ತು ಮೀನು ಮಾರಿ ಅವನನ್ನು ಬೆಳೆಸಿದವರು. ನನ್ನ ತವರಿನಲ್ಲಿ ಮೀನು, ಮಾಂಸ ಯಾವತ್ತೂ ಹೊಸ್ತಿಲು ದಾಟಿ ಬಂದದ್ದಿಲ್ಲ. ಮದುವೆಯ ಸುದ್ದಿ ಕೇಳಿ ಅವ್ವ ನನ್ನ ಹತ್ತಿರ ಮಾತು ಬಿಟ್ಟಳು. ಎಷ್ಟೋ ಕಾಲದ ಮೇಲೆ ಫೋನಿನಲ್ಲಿ ಆರಾಮಿದ್ದೀಯಾ ಎನ್ನುವಷ್ಟಕ್ಕೆ ಬಂದಿದ್ದಳು.

ನಮ್ಮ ಕಡೆ ಅಡಿಗೆಯ ಖಾರ ಒಣಗಿದ್ದು. ಶೇಂಗಾ, ಅಗಸಿ, ಗುರೆಳ್ಳು ಎಲ್ಲವನ್ನೂ ಹುರಿದು ಕುಟ್ಟಿ ಡಬ್ಬಿ ತುಂಬಿಟ್ಟರೆ ತಿಂಗಳುಗಟ್ಟಲೆ ಚಿಂತೆಯಿಲ್ಲ. ಇಲ್ಲಿ ಖಾರವೂ ಒದ್ದೆ. ದಿನವೂ ಕಾಯಿ ತುರಿಯಬೇಕು, ಮೆಣಸು ಹುಣಿಸೆ ಸೇರಿಸಿ ಅರೆಯಬೇಕು, ಅವತ್ತಿನದು ಅವತ್ತಿಗೇ ಮುಗಿಯಬೇಕು. ಅತ್ತೆಯ ಮಣಿಕಟ್ಟು ಊದಿಕೊಂಡು ಅರೆಯುವ ಕಲ್ಲು ತಿರುಗಿಸಲಾಗದೆ ಹೋದದ್ದರಿಂದಲೇ ನಾವು ಮಿಕ್ಸಿ ಹುಡುಕಿ ಬಂದದ್ದು.

ಅಂಗಡಿಯವರು ಮೊದಲು ಉದ್ದನೆಯ ಗಾಜಿನ ಜಾರಿನ ಬ್ಲೆಂಡರ್ ತೋರಿಸಿದರು. ನೋಡಲು ಚೆಂದ, ಆದರೆ ಅದು ಹಣ್ಣಿನ ಜ್ಯೂಸಿಗಷ್ಟೇ. ಅತ್ತೆಗೆ ಬೇಕಾದದ್ದು ಒಂದೇ ಮಾತು: "ಕಾಯಿ ನುಣ್ಣಗ್ ಆತ್ತಾ?"

"ಬೆಣ್ಣಿ ಹಾಂಗ್ ಆತ್ತ್, ಕಾಣಿ," ಎಂದು ಅವರು ದಪ್ಪ ಮೋಟರಿನ, ಸ್ಟೀಲ್ ಜಾರುಗಳ ಮಿಕ್ಸಿ ಎತ್ತಿಟ್ಟರು. ಅದಕ್ಕೆ ಎರಡು ಜಾರು. ನಾನು ಮೂರು ಜಾರಿನದೇ ಬೇಕೆಂದು ಹಟ ಹಿಡಿದೆ.

"ಮೂರ್ ಎಂತಕೆ?" ಎಂದು ಅಂಗಡಿಯವರು ಕೇಳಿದರೆ ನನಗಿಂತ ಮುಂಚೆ ಅತ್ತೆಯೇ ಹೇಳಿದರು: "ಕೊಡಿ ಮಾರಾಯ್ರೆ, ಅವ್ಳಿಗ್ ಶೇಂಗಾ ಪುಡಿ ಮಾಡೂಕ್ ಬೇಕ್. ಅವ್ಳ ಊರಿನ್ ಊಟ ಅವ್ಳಿಗ್ ಬ್ಯಾಡ್ದಾ?"

ನಾನು ದುಡ್ಡು ಎಣಿಸಿಕೊಟ್ಟೆ, ಅವರ ಮಾತನ್ನು ತಿದ್ದಲಿಲ್ಲ. ಎಂದಾದರೂ ಅವ್ವ ಬಂದರೆ ಮೀನಿನ ಮಸಾಲೆ ತಾಗದ ಒಂದು ಜಾರಾದರೂ ಈ ಮನೆಯಲ್ಲಿರಲಿ ಎಂಬ ಆಸೆಯಿಂದ ಅದನ್ನು ತರುತ್ತಿದ್ದೆ. ಮನೆಗೆ ಬಂದ ಮೇಲೆ ಅದನ್ನು ಬೇರೆ ಹಲಗೆಯ ಮೇಲೆ ಇಟ್ಟೆ.

ಒಂದು ದಿನ ಅವ್ವ ಮೊದಲೇ ಫೋನಿನಲ್ಲಿ ತಿಳಿಸಿ ಬಂದಳು. ಊರಿನ ಹೆಂಗಸರ ಜೊತೆ ಕೊಲ್ಲೂರಿಗೆ ಹೊರಟವಳು ಜೀಪನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿದಳು. ಅವತ್ತು ಅತ್ತೆ ಮೀನು ತರಲಿಲ್ಲ. ಅಡಿಗೆಮನೆಯನ್ನು ತಾವೇ ತಿಕ್ಕಿ ತೊಳೆದಿದ್ದರು, ಮದುವೆಯ ಸೀರೆ ಉಟ್ಟಿದ್ದರು. ಅವ್ವ ಒಳಗೆ ಬರಲಿಲ್ಲ, ಜಗಲಿಯ ಕುರ್ಚಿಯಲ್ಲಿ ಕೂತಳು. ನಾನು ಓಡಿ ಹೋಗಿ ಶೇಂಗಾ ಹುರಿದು, ಮೂರನೆಯ ಜಾರಿನಲ್ಲಿ ಚಟ್ನಿ ಮಾಡಿ ತಟ್ಟೆಯಲ್ಲಿಟ್ಟು ತಂದೆ.

ಅವ್ವ ತಟ್ಟೆ ಮುಟ್ಟಲಿಲ್ಲ. "ಮಿಕ್ಸರ್ ಸಪ್ಪಳ ಕೇಳಿಸ್ತು. ಮೀನದ ಮಸಾಲಿನೂ ಅದರಾಗ ರುಬ್ಬತೀರೇನು?"

"ಇಲ್ಲವ್ವಾ. ಈ ಜಾರಿನಾಗ ಒಂದ ದಿನನೂ ಮೀನದ್ದು ಹಾಕಿಲ್ಲ. ನಿನ್ನ ಸಲುವಾಗಿನ ಬ್ಯಾರೆ ಇಟ್ಟೀನಿ."

"ಜಾರ ಬ್ಯಾರೆ ಇರಬಹುದು. ತಿರಗೂ ಮಷೀನ ಒಂದ ಅಲ್ಲೇನು?"

ಆಮೇಲೆ ತಾನು ಕಟ್ಟಿಕೊಂಡು ಬಂದಿದ್ದ ರೊಟ್ಟಿಯ ಗಂಟು ಬಿಚ್ಚಿ, ತನ್ನದೇ ಚಟ್ನಿ ಹಚ್ಚಿಕೊಂಡು ನಮ್ಮ ಜಗಲಿಯಲ್ಲಿ ಕೂತು ಉಂಡಳು. ಅತ್ತೆ ಕೆತ್ತಿಕೊಟ್ಟ ಬೊಂಡ, ಅಂದರೆ ಎಳನೀರು, ಮಾತ್ರ ಕುಡಿದಳು. ಅದಕ್ಕೆ ಯಾರ ಮನೆಯ ಲೋಟವೂ ಬೇಕಾಗಿರಲಿಲ್ಲ. ಹೊರಡುವಾಗ ನನ್ನ ಗಲ್ಲ ಸವರಿದಳು. ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಜೀಪು ತಿರುವು ದಾಟಿದ ಮೇಲೆ ನೋಡಿದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಆ ಜಾರ್ ಶೇಂಗಾಕೆ ಅಂತ ನಾನ್ ಎಣ್ಸಿದ್ದೆ," ಎಂದರು. "ನಮ್ಮ್ ಮೀನ್ ತಾಗೂಕ್ ಆಗ ಅಂತ ತಂದದ್ದಾ? ನಂಗ್ ಗೊತ್ತೇ ಆಯ್ಲಿಲ್ಲೆ."

ಅವ್ವ ಮುಟ್ಟದ ತಟ್ಟೆಯನ್ನು ಎತ್ತಿಕೊಂಡು ನಾನು ಒಳಗೆ ಹೋದೆ. ರಾಘು ಸಂಜೆ ಬಂದು ಎಲ್ಲ ಕೇಳಿ, "ಒಂದ್ ಮಿಕ್ಸಿಗೆ ಇಷ್ಟೆಲ್ಲ ಎಂತಕೆ ಮಾರಾಯ್ತಿ?" ಎಂದು ಸ್ನಾನಕ್ಕೆ ಹೋದ.

ಮರುದಿನ ಬಂಗುಡೆ ಮೀನು ಬಂತು. ಹುರಿದ ಕೊತ್ತಂಬರಿ, ಮೆಣಸು, ಕಾಯಿ ಎಲ್ಲವನ್ನೂ ನಾನೇ ಆ ಮೂರನೆಯ ಜಾರಿಗೆ ಸುರಿದೆ. ಅತ್ತೆ ಬಂದು ಸ್ವಿಚ್ಚಿನ ಮೇಲಿದ್ದ ನನ್ನ ಕೈ ಸರಿಸಿದರು. ಮಸಾಲೆಯನ್ನು ದೊಡ್ಡ ಜಾರಿಗೆ ಮಗುಚಿ, ಮೂರನೆಯದನ್ನು ಸೋಪು ಹಾಕಿ ತೊಳೆದು ಅದರ ಹಲಗೆಯ ಮೇಲೆಯೇ ಬೋರಲು ಹಾಕಿದರು.

"ಅದ್ರಗ್ ಬ್ಯಾಡ. ಇನ್ನೊಂದ್ ಸಲ ನಿನ್ನಮ್ಮ ಬಂದ್ರೆ ಎಂತ ಮಾಡ್ತೆ?"

ಅದು ಕರುಣೆಯೋ, ಕೊಟ್ಟ ಪೆಟ್ಟೋ, ಇವತ್ತಿಗೂ ನನಗೆ ತಿಳಿದಿಲ್ಲ. ಅತ್ತೆ ಮೊದಲಿನಂತೆಯೇ ಬಡಿಸುತ್ತಾರೆ, ಜ್ವರ ಬಂದರೆ ಗಂಜಿ ಕಾಯಿಸಿ ಕೊಡುತ್ತಾರೆ. ನನ್ನ ಶೇಂಗಾ ಚಟ್ನಿಯನ್ನು ಮಾತ್ರ ಅವರು ಆಮೇಲೆ ಬಾಯಿಗಿಟ್ಟಿಲ್ಲ.

ಮೊನ್ನೆ ಅವ್ವ ಫೋನ್ ಮಾಡಿ, "ನಿಮ್ಮೂರಾಗ ಮಳಿ ಜೋರ ಅದ ಏನು?" ಎಂದಳು. ಹೌದೆಂದೆ. ಫೋನ್ ಇಟ್ಟಮೇಲೆ ಅತ್ತೆ ಕೇಳಿದರು: "ನಿಮ್ಮೂರ್ ಬದಿ ಮಳೆ ಬತ್ತಾ?" ಇಲ್ಲವಂತೆ ಎಂದೆ. ನಮ್ಮೂರು ಎನ್ನುವ ಮಾತು ಅವತ್ತು ಇಬ್ಬರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ.